ಬಿಟ್ಟು ಹೋದವನ ಸಿಕ್ಸರ್

ಆಟಗಾರ ತಂಡ ಬದಲಾಯಿಸಿದರೆ ಅವನಿಗೇನೂ ನಷ್ಟವಿಲ್ಲ. ಕೋಟಿ ಬರುತ್ತದೆ, ಹೊಸ ಬಣ್ಣದ ಪ್ಯಾಡು ಬರುತ್ತದೆ, ಹೊಸ ಊರಿನ ಊಟ ಸಿಗುತ್ತದೆ. ನಷ್ಟವೆಲ್ಲ ಅವನ ಹೆಸರನ್ನು ಬೆನ್ನ ಮೇಲೆ ಹೊತ್ತು ತಿರುಗಿದವನಿಗೆ. ನಮ್ಮ ಮನೆಯಲ್ಲಿ ಗೇಲ್ ಹೆಸರಿನ, 333 ನಂಬರಿನ, ಆರ್‌ಸಿಬಿಯ ಕೆಂಪು ಜೆರ್ಸಿಯೊಂದಿದೆ. 2013ರ ಏಪ್ರಿಲ್ 23ರಂದು ಚಿನ್ನಸ್ವಾಮಿ ಮೈದಾನದಲ್ಲಿ ಅವರು ಪುಣೆ ವಾರಿಯರ್ಸ್ ಬೌಲರುಗಳನ್ನು ಅಟ್ಟಾಡಿಸಿ 66 ಎಸೆತಕ್ಕೆ ಅಜೇಯ 175 ಬಾರಿಸಿದರಲ್ಲ, ಆ ಅಮಲಿನಲ್ಲಿ ಕೊಂಡದ್ದು. 2018ರಲ್ಲಿ ಗೇಲ್ ಪಂಜಾಬಿಗೆ ಹೋದರು. ಯುಗಾದಿಗೆ ಮನೆ ಗುಡಿಸುವಾಗ ಜೆರ್ಸಿ ಬೀರುವಿನಿಂದ ಇಳಿದು ಸ್ಕೂಟರಿನ ಡಿಕ್ಕಿ ಸೇರಿತು. ಈಗ ಮಳೆ ಬಂದ ದಿನ ಸೀಟು ಒರೆಸುವುದು ಅದರ ಉದ್ಯೋಗ. ಪಾಲಿಯೆಸ್ಟರ್ ಬಟ್ಟೆ, ನೀರು ಹೀರುವುದಿಲ್ಲ. ಅತ್ತಲಿಂದ ಇತ್ತ ಸವರುತ್ತದೆ ಅಷ್ಟೆ. "ಆಡುವಾಗ ಒಂದು ರನ್ ಓಡ್ತಿರಲಿಲ್ಲ, ಈಗ ಒಂದು ಹನಿ ಹೀರಲ್ಲ" ಎನ್ನುತ್ತಾಳೆ ನನ್ನ ಹೆಂಡತಿ.

ಎಬಿಡಿ ಹೆಸರಿನ ಜೆರ್ಸಿ ಮಾತ್ರ ಇಸ್ತ್ರಿ ಕೆಡದೆ ಬೀರುವಿನಲ್ಲೇ ಇದೆ. ಅವರು ಬೇರೆ ತಂಡಕ್ಕೆ ಹೋಗಲಿಲ್ಲ, ನಿವೃತ್ತರಾದರು. 2015ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಪರವಾಗಿ ತಮ್ಮ ನೂರನೇ ಟೆಸ್ಟ್ ಆಡಲು ಅವರು ಬೆಂಗಳೂರಿಗೇ ಬಂದಿದ್ದರು. ಎದುರು ನಿಂತದ್ದು ಭಾರತ. ಆದರೂ ಇಡೀ ಮೈದಾನ "ಎಬಿಡಿ, ಎಬಿಡಿ" ಎಂದು ಕೂಗಿತು. ದೇಶದ ಬೌಲರಿಗೆ ಪಾಪ ತಾನು ಯಾವ ಊರಿನಲ್ಲಿ ಬೌಲಿಂಗ್ ಮಾಡುತ್ತಿದ್ದೇನೆ ಎಂದೇ ಗೊತ್ತಾಗಿರಲಿಕ್ಕಿಲ್ಲ. ಅವರು 85 ಹೊಡೆದರು. ಆಮೇಲಿನ ನಾಲ್ಕು ದಿನ ಮಳೆ ಹೊಡೆಯಿತು. ಇದೇ ಎಬಿಡಿ 2011ಕ್ಕೆ ಮುಂಚೆ ಡೆಲ್ಲಿ ತಂಡದಲ್ಲಿದ್ದವರು, ಅದನ್ನು ಬಿಟ್ಟು ಬಂದವರು ಎನ್ನುವುದನ್ನು ನಾವ್ಯಾರೂ ಎತ್ತುವುದಿಲ್ಲ. ನಮ್ಮಲ್ಲಿಗೆ ಬಿಟ್ಟು ಬಂದವನು ಜಾಣ, ನಮ್ಮನ್ನು ಬಿಟ್ಟು ಹೋದವನು ದ್ರೋಹಿ.

ಈ ನ್ಯಾಯಕ್ಕೆ ಪೇಚು ತಂದಿಟ್ಟವರು ಕೆ.ಎಲ್. ರಾಹುಲ್. ಬಿಟ್ಟು ಹೋದವನು ಪರರಾಜ್ಯದವನಾದರೆ ಬೈದು ಕೈತೊಳೆದುಕೊಳ್ಳಬಹುದು. ಇವರು ಬೆಂಗಳೂರಿನಲ್ಲಿ ಹುಟ್ಟಿ ಸುರತ್ಕಲ್ಲಿನಲ್ಲಿ ಬೆಳೆದವರು. ಆರ್‌ಸಿಬಿ, ಹೈದರಾಬಾದು, ಮತ್ತೆ ಆರ್‌ಸಿಬಿ, ಪಂಜಾಬು, ಲಖನೌ, ಈಗ ಡೆಲ್ಲಿ. 2020ರಲ್ಲಿ ದುಬೈನಲ್ಲಿ ಪಂಜಾಬಿನ ನಾಯಕರಾಗಿ ನಮ್ಮ ಮೇಲೇ ಅಜೇಯ 132 ಬಾರಿಸಿದ್ದರು. ಆ ಪಂಜಾಬ್ ತಂಡವನ್ನು ನೋಡಿದರೆ ಕಬ್ಬನ್ ಪಾರ್ಕಿನಲ್ಲಿ ಬೆಳಗಿನ ವಾಕಿಂಗಿಗೆ ಬಂದವರ ಗುಂಪಿನ ಹಾಗಿತ್ತು: ರಾಹುಲ್, ಮಯಂಕ್, ಕರುಣ್, ಗೌತಮ್, ಕೋಚ್ ಸ್ಥಾನದಲ್ಲಿ ಅನಿಲ್ ಕುಂಬ್ಳೆ, ಮೇಲಿಂದ ಗೇಲ್. ಕನ್ನಡದವರೆಲ್ಲ ಪಂಜಾಬಿನಲ್ಲಿ, ಬೆಂಗಳೂರಿನಲ್ಲಿ ಮಿಕ್ಕವರೆಲ್ಲ. ಕೊರೊನಾ ಕಾಲವಾದ್ದರಿಂದ ದುಬೈನ ಸ್ಟ್ಯಾಂಡುಗಳು ಖಾಲಿ. ಟೀವಿಯವರು ರೆಕಾರ್ಡ್ ಮಾಡಿಟ್ಟ ಜನರ ಗದ್ದಲ ಹಾಕುತ್ತಿದ್ದರು. ಆ 132ಕ್ಕೆ ಚಪ್ಪಾಳೆ ತಟ್ಟಬೇಕೋ ಶಾಪ ಹಾಕಬೇಕೋ ಎಂಬ ಇಕ್ಕಟ್ಟು ಸ್ಟುಡಿಯೋದಲ್ಲಿ ಗುಂಡಿ ಒತ್ತುವವನ ಪಾಲಾಯಿತು, ನಾವು ಬಚಾವಾದೆವು.

2025ರ ಏಪ್ರಿಲ್ 10ರಂದು ಬಚಾವಾಗುವ ದಾರಿ ಇರಲಿಲ್ಲ. ಪಂದ್ಯ ಚಿನ್ನಸ್ವಾಮಿಯಲ್ಲೇ. ಹಿಂದಿನ ನವೆಂಬರಿನಲ್ಲಿ ಜಿದ್ದಾದಲ್ಲಿ ನಡೆದ ಹರಾಜಿನಲ್ಲಿ ಡೆಲ್ಲಿಯವರು ರಾಹುಲ್‌ರನ್ನು 14 ಕೋಟಿಗೆ ಕೊಂಡಿದ್ದರು. ಅವತ್ತು ನಮ್ಮ ಹಾಲಿನಲ್ಲಿ ಮೂರು ಪಕ್ಷ. ಸೋಫಾದಲ್ಲಿ ಕೆಂಪು ಜೆರ್ಸಿ ತೊಟ್ಟ ನನ್ನ ಭಾಮೈದ; ಅವನಿಗೆ ಆರ್‌ಸಿಬಿ ಬಿಟ್ಟರೆ ಬೇರೆ ದೇವರಿಲ್ಲ. ಕುರ್ಚಿಯಲ್ಲಿ ಕಣ್ಣು ತೋರಿಸಲು ಕುಂದಾಪುರದ ಕಡೆಯಿಂದ ಬಂದಿದ್ದ ದೊಡ್ಡಪ್ಪ. ಅವರಿಗೆ ಕ್ರಿಕೆಟ್ ಅಷ್ಟಕ್ಕಷ್ಟೆ, ಆದರೆ ಸುರತ್ಕಲ್ಲಿನವ ಆಡುತ್ತಾನೆಂದರೆ ಮುಗಿಯಿತು. ಕೆಳಗೆ ಚಾಪೆ ಮೇಲೆ ನಾನು, ಆರ್‌ಸಿಬಿ ಗೆಲ್ಲಲಿ, ರಾಹುಲ್ ನೂರು ಹೊಡೆಯಲಿ ಎಂದು ಎರಡೂ ದೇವರಿಗೆ ಹರಕೆ ಹೊತ್ತವನು.

ಆರ್‌ಸಿಬಿ 163 ಗಳಿಸಿತು. ಡೆಲ್ಲಿ 58ಕ್ಕೆ 4. ಭಾಮೈದ ಕಾಲು ಚಾಚಿ ಚಿಪ್ಸ್ ಪೊಟ್ಟಣ ಒಡೆದ. ಅಲ್ಲಿಂದ ರಾಹುಲ್ ಶುರು ಹಚ್ಚಿಕೊಂಡರು. ಪೊಟ್ಟಣ ಅರ್ಧಕ್ಕೇ ನಿಂತಿತು. ಹದಿನೆಂಟನೇ ಓವರಿನಲ್ಲಿ ಯಶ್ ದಯಾಳ್ ಎಸೆದ ಚೆಂಡನ್ನು ಸಿಕ್ಸರಿಗೆ ಎತ್ತಿ ಪಂದ್ಯ ಮುಗಿಸಿದರು: 53 ಎಸೆತಕ್ಕೆ ಅಜೇಯ 93. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಎದೆ ಮುಟ್ಟಿ, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, ಅದರ ನಡುವೆ ಬ್ಯಾಟು ಕುಟ್ಟಿ ನಿಂತರು. 'ಕಾಂತಾರ' ನೋಡಿದವರಿಗೆ ವಿವರಿಸಬೇಕಾಗಿಲ್ಲ. ಇದು ನನ್ನ ನೆಲ ಎಂಬ ಘೋಷಣೆ ಅದು. ಆಮೇಲೆ ಅವರೇ ಬಾಯಿಬಿಟ್ಟು ಅದನ್ನೇ ಹೇಳಿದರು.

ದೊಡ್ಡಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. ಕಣ್ಣಿಗೆ ಹನಿ ಔಷಧಿ ಬಿಟ್ಟು ಮುಚ್ಚಿಕೊಂಡಿರಬೇಕಾದ ಹೊತ್ತು. "ಭೇಷ್! ನಮ್ಮ ಕಡೆಯ ವೇಷ ಮಾರಾಯ!"

ಭಾಮೈದ ಉರಿದುಹೋದ. "ನಿಮ್ಮ ಕಡೆಯವನಾದ್ರೆ ನಮ್ಮ ಟೀಮಿಗೆ ಆಡ್ಬೇಕಿತ್ತು ದೊಡ್ಡಪ್ಪ. ದುಡ್ಡಿಗೆ ಹೋದ."

"ಅವ ಹೋದ್ದು ಬೇರೆ ಮೇಳಕ್ಕೆ, ಬೇರೆ ಲೋಕಕ್ಕಲ್ಲ" ಎಂದರು ದೊಡ್ಡಪ್ಪ, ಕಣ್ಣು ಒರೆಸಿಕೊಳ್ಳುತ್ತ.

ಈ ಮಾತು ಆಡುವ ಹಕ್ಕು ಅವರಿಗಿದೆ. ಕರಾವಳಿಯಲ್ಲಿ ಐಪಿಎಲ್ ಹರಾಜು ಬರುವುದಕ್ಕೆ ಎಷ್ಟೋ ಮುಂಚೆ ಯಕ್ಷಗಾನ ಕಲಾವಿದರು ಮೇಳದಿಂದ ಮೇಳಕ್ಕೆ ಹಾರುತ್ತಿದ್ದರು. ತಿರುಗಾಟ ಮುಗಿದು ಮಳೆಗಾಲ ಹಿಡಿದರೆ ಚಹಾದಂಗಡಿಗಳಲ್ಲಿ ಅದೇ ಸುದ್ದಿ: ಯಾವ ಭಾಗವತರು ಯಾವ ಮೇಳಕ್ಕೆ, ಯಾವ ಸ್ತ್ರೀವೇಷದವರಿಗೆ ಯಾವ ಯಜಮಾನರು ಮುಂಗಡ ಕೊಟ್ಟರು. ಭಾಗವತ ಕಾಳಿಂಗ ನಾವಡರು ಸಾಲಿಗ್ರಾಮ ಮೇಳದಲ್ಲಿ ಹಾಡುತ್ತಿದ್ದ ಕಾಲದಲ್ಲಿ ದೊಡ್ಡಪ್ಪ ಅವರ ಪದ ಕೇಳಲು ಸೈಕಲ್ಲಿನಲ್ಲಿ ಊರೂರು ಹೋಗುತ್ತಿದ್ದರಂತೆ. ಅವರ ಅಭಿಮಾನದ ಪರೀಕ್ಷೆ ನಡೆಯುತ್ತಿದ್ದದ್ದು ಜೋಡಾಟದಲ್ಲಿ. ಒಂದೇ ಬಯಲಿನಲ್ಲಿ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ. ಇಲ್ಲೊಬ್ಬ ಅರ್ಜುನ, ಅಲ್ಲೊಬ್ಬ ಅರ್ಜುನ. ಎರಡೂ ಕಡೆ ಚೆಂಡೆ. ಎಲ್ಲಿ ಕುಣಿತ ಕಾವೇರಿತೋ ಜನ ಅತ್ತ ನುಗ್ಗುವುದು. ಇನ್ನೊಂದು ರಂಗಸ್ಥಳದ ಮುಂದೆ ಚಾಪೆಗಳಷ್ಟೇ ಉಳಿಯುವುದು. ಕಳೆದ ವರ್ಷ ನಮ್ಮ ಮೇಳದಲ್ಲಿದ್ದವನು ಈ ವರ್ಷ ಆಚೆಯ ರಂಗಸ್ಥಳದಲ್ಲಿ ದಿಗಿಣ ಹಾಕಿದರೆ ಏನು ಮಾಡುವುದು? ದೊಡ್ಡಪ್ಪ ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಆಚೆ ಹೋಗುತ್ತಿದ್ದರು. ಭಾಗವತರ ಪದ ಏರಿತೋ, ಈಚೆಗೆ ವಾಪಸ್. ಬೆಳಗಿನ ಜಾವದ ಹೊತ್ತಿಗೆ ಚಾಪೆಯ ಅಂಚು ಬಿಚ್ಚಿ ಹೋಗಿರುತ್ತಿತ್ತು.

"ಹಾಗಾದ್ರೆ ನೀವು ಯಾರಿಗೂ ಕೂಗು ಹಾಕ್ತಾ ಇರಲಿಲ್ವಾ?" ಎಂದು ಕೇಳಿದೆ.

"ಹಾಕದೆ ಎಂತ? ಹೆಜ್ಜೆ ತಪ್ಪಿದವನಿಗೆ ಹಾಕ್ತಿದ್ದೆವು. ಮೇಳ ಬಿಟ್ಟವನಿಗಲ್ಲ."

ಭಾಮೈದ ಮೊಬೈಲಿನಲ್ಲಿ ಮುಳುಗಿದ್ದ. ರಾಹುಲ್‌ಗೆ ಬೈಯುತ್ತಿದ್ದಾನೆಂದುಕೊಂಡೆ. ಅಲ್ಲ, ಹೊಸ ಕಂಪನಿಯ ಹೆಚ್‌ಆರ್ ಕಳಿಸಿದ ಆಫರ್ ಲೆಟರ್ ಓದುತ್ತಿದ್ದ. ನೋಟಿಸ್ ಪೀರಿಯಡ್‌ನಲ್ಲಿದ್ದಾನೆ ಎಂಬುದು ಹೀಗೆ ಬಯಲಾಯಿತು. ಹೈಕ್ ಎಷ್ಟೆಂದೆ. ನಲವತ್ತು ಪರ್ಸೆಂಟು, ಮೇಲೆ ಜಾಯಿನಿಂಗ್ ಬೋನಸ್ಸು ಎಂದ. ಈಗಿನ ಕಂಪನಿಯವರು ಏನಂದರು? ಉಳಿಸಿಕೊಳ್ಳಲು ನೋಡಿದರು, ಆದರೆ ಹದಿನೈದರ ಮೇಲೆ ಏರಲಿಲ್ಲ. ನಾನು ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದು, ವಾಂಖೆಡೆ ಮಾದರಿಯಲ್ಲಿ, ದೀರ್ಘವಾಗಿ "ಬೂ" ಎಂದೆ. ಅಡುಗೆಮನೆಯಿಂದ ಅವನ ಅಕ್ಕ, ನನ್ನ ಹೆಂಡತಿ, ಸೌಟು ಹಿಡಿದೇ ಬಂದಳು. ತಮ್ಮನಿಗೆ ಬೂ ಎಂದದ್ದಕ್ಕೆ ಅವತ್ತು ನನಗೆ ತುಪ್ಪ ಬಡಿಸಲಿಲ್ಲ.

"ಅದು ಕರಿಯರ್, ಭಾವ. ಇದು ಆಟ" ಎಂದ ಭಾಮೈದ. ಅವನ ಪ್ರಕಾರ ಬ್ಯಾಟು ಹಿಡಿದು ಹೊಟ್ಟೆ ಹೊರೆಯುವವನಿಗೆ ಕರಿಯರ್ ಇರುವುದಿಲ್ಲ, ನಿಷ್ಠೆ ಇರಬೇಕು.

ವಾಂಖೆಡೆ ಎಂದೆನಲ್ಲ. ಬೂ ಕೂಗುವ ವಿದ್ಯೆಯಲ್ಲಿ 2024ರ ಬೇಸಿಗೆಯನ್ನು ಮೀರಿಸಿದ್ದು ನಮ್ಮ ದೇಶದಲ್ಲಿ ಇನ್ನೊಂದಿಲ್ಲ. ಹಾರ್ದಿಕ್ ಪಾಂಡ್ಯ ಗುಜರಾತ್ ಟೈಟನ್ಸ್ ಬಿಟ್ಟು ಮುಂಬೈಗೆ ವಾಪಸಾದರು. ರೋಹಿತ್ ಶರ್ಮಾರ ನಾಯಕತ್ವ ಅವರ ಕೈಗೆ ಹೋಯಿತು. ಗುಜರಾತಿಗೆ ಮೊದಲ ವರ್ಷವೇ, 2022ರಲ್ಲಿ, ಕಪ್ ಗೆದ್ದುಕೊಟ್ಟವರು ಅವರು. ಅಹಮದಾಬಾದಿನವರು ಯಾಕೆ ಹೋದೆ ಎಂದು ಬೂ ಎಂದರು. ಮುಂಬೈಯವರು ಯಾಕೆ ಬಂದೆ ಎಂದು ಬೂ ಎಂದರು. ಎರಡಕ್ಕೂ ಸಂಬಂಧವಿಲ್ಲದ ಹೈದರಾಬಾದಿನವರು ನಾವ್ಯಾಕೆ ಹಿಂದೆ ಬೀಳಬೇಕೆಂದು ಅವರೂ ಅಂದರು. ಅಹಮದಾಬಾದಿನಲ್ಲಿ ನಾಯಿಯೊಂದು ಮೈದಾನಕ್ಕೆ ನುಗ್ಗಿದಾಗ ಜನ ಅದಕ್ಕೂ ಹಾರ್ದಿಕ್ ಹೆಸರಿಟ್ಟು ಕೂಗಿದರು. ಆ ಮಟ್ಟಕ್ಕೆ ಇಳಿಯುವುದು ನನಗೆ ಆಟವೆನಿಸುವುದಿಲ್ಲ. ವಾಂಖೆಡೆಯಲ್ಲಿ ಟಾಸ್ ಹೊತ್ತಿಗೆ ಸಂಜಯ್ ಮಾಂಜ್ರೇಕರ್ ಮೈಕ್ ಹಿಡಿದು ಸ್ವಲ್ಪ ಸರಿಯಾಗಿ ನಡೆದುಕೊಳ್ಳಿ ಎಂದು ಮೇಷ್ಟ್ರ ಹಾಗೆ ಗದರಿದರು. ಕ್ಲಾಸಿನಲ್ಲಿ ಮೇಷ್ಟ್ರು ಗದರಿದರೆ ಏನಾಗುತ್ತದೋ ಅದೇ ಆಯಿತು, ಸದ್ದು ಇನ್ನೂ ಜೋರಾಯಿತು. ಕೆಲವು ದಿನಗಳ ನಂತರ ಎದುರು ತಂಡದ ವಿರಾಟ್ ಕೊಹ್ಲಿಯೇ ಅಲ್ಲಿನ ಜನರ ಕಡೆ ತಿರುಗಿ ಸಾಕು ಮಾಡಿ ಎಂದು ಸನ್ನೆ ಮಾಡಬೇಕಾಯಿತು.

ಜೂನ್ 29ರಂದು ಬಾರ್ಬಡೋಸಿನಲ್ಲಿ ವಿಶ್ವಕಪ್ ಫೈನಲ್. ಕೊನೆಯ ಓವರಿಗೆ 16 ರನ್ ಬೇಕು, ಚೆಂಡು ಇದೇ ಹಾರ್ದಿಕ್ ಕೈಯಲ್ಲಿ. ಭಾರತ 7 ರನ್ನಿನಿಂದ ಗೆದ್ದಿತು. ಜುಲೈ 4ರಂದು ಅದೇ ವಾಂಖೆಡೆಯಲ್ಲಿ ಸನ್ಮಾನ. "ಹಾರ್ದಿಕ್, ಹಾರ್ದಿಕ್" ಎಂಬ ಕೂಗು. ಏಪ್ರಿಲಿನಲ್ಲಿ ಬೂ ಎಂದವರ ಗಂಟಲು ವಾಸಿಯಾಗಲು ಅಷ್ಟು ಸಮಯವಾದರೂ ಬೇಕಲ್ಲ.

ಊರಿನ ಹೆಸರಿಗೂ ತಂಡದ ಹೆಸರಿಗೂ ಇರುವ ನಂಟು ಎಷ್ಟು ಸಡಿಲವೆಂದು ತಿಳಿಯಲು ಡೆಲ್ಲಿಗೆ ಹೋಗಬೇಕು. 2025ರ ಜನವರಿ ಕೊನೆಯಲ್ಲಿ ಕೊಹ್ಲಿ ತಮ್ಮ ಹುಟ್ಟೂರಿನ ರಣಜಿ ತಂಡಕ್ಕೆ ಆಡಲು ಕೋಟ್ಲಾಕ್ಕೆ ಬಂದರು. ಎದುರಾಳಿ ರೈಲ್ವೇಸ್. ರಣಜಿಗೆ ಸಾಮಾನ್ಯವಾಗಿ ಬರುವವರು ಪಿಂಚಣಿದಾರರು, ಕಡಲೆಕಾಯಿ ಮಾರುವವರು, ಪಾರಿವಾಳಗಳು. ಅವತ್ತು ಗೇಟಿನಲ್ಲಿ ನೂಕುನುಗ್ಗಲು. ಡೆಲ್ಲಿ ಹುಡುಗ, ಡೆಲ್ಲಿ ತಂಡಕ್ಕೆ, ಡೆಲ್ಲಿಯ ಮೈದಾನದಲ್ಲಿ ಆಡುತ್ತಿದ್ದರೆ ಜನ ಕೂಗಿದ್ದು "ಆರ್‌ಸಿಬಿ, ಆರ್‌ಸಿಬಿ"! 6 ರನ್ನಿಗೆ ಅವರು ಬೌಲ್ಡ್ ಆದರು. ಮಿಕ್ಕವರ ಬ್ಯಾಟಿಂಗ್ ನೋಡಲು ಕಾಯುವ ವ್ಯವಧಾನ ಯಾರಿಗೂ ಇರಲಿಲ್ಲ, ಸ್ಟ್ಯಾಂಡು ಖಾಲಿ. ಪಾರಿವಾಳಗಳು ಉಳಿದಿರಬೇಕು. ಏಪ್ರಿಲ್ 27ಕ್ಕೆ ಅದೇ ಮೈದಾನದಲ್ಲಿ ಆರ್‌ಸಿಬಿ ಡೆಲ್ಲಿಯನ್ನು ಸೋಲಿಸಿತು. ಪಂದ್ಯ ಮುಗಿದ ಮೇಲೆ ಕೊಹ್ಲಿ ರಾಹುಲ್ ಮುಂದೆಯೇ ಆ 'ಕಾಂತಾರ' ವೃತ್ತವನ್ನು ಅಣಕಿಸಿ ತೋರಿಸಿದರು, ಇಬ್ಬರೂ ನಕ್ಕರು. ಬೆಂಗಳೂರಿನವನು ಡೆಲ್ಲಿಗೆ ಆಡುತ್ತಾನೆ, ಡೆಲ್ಲಿಯವನು ಬೆಂಗಳೂರಿಗೆ ಆಡುತ್ತಾನೆ, ಇಬ್ಬರಿಗೂ ಅದರಲ್ಲಿ ತಮಾಷೆ ಕಾಣುತ್ತದೆ. ಹೊಟ್ಟೆ ಉರಿದುಕೊಳ್ಳುವ ಗುತ್ತಿಗೆ ಮಾತ್ರ ನಮ್ಮದು. ಅದಕ್ಕೆ ಹರಾಜಿಲ್ಲ, ಮೂಲಬೆಲೆಯೂ ಇಲ್ಲ.

ಬೂ ಕೂಗುವವನನ್ನು ಪೂರ್ತಿ ತೆಗಳಲೂ ಮನಸ್ಸಿಲ್ಲ. ಟಿಕೆಟಿಗೆ ದುಡ್ಡು ಕೊಟ್ಟು, ಆಫೀಸಿಗೆ ಸುಳ್ಳು ಹೇಳಿ, ಮೆಟ್ರೋದಲ್ಲಿ ನಿಂತು ಬಂದವನಿಗೆ ತಂಡ ಕಟ್ಟುವಾಗ ಯಾರೂ ಒಂದು ಮಾತು ಕೇಳುವುದಿಲ್ಲ. ಅವನ ಕೈಯಲ್ಲಿರುವುದು ಗಂಟಲೊಂದೇ. ಕರುಣ್ ನಾಯರ್ ವಿಷಯದಲ್ಲಿ ಆ ಗಂಟಲನ್ನು ನಾವು ತಪ್ಪಿಯೂ ಬಳಸಲಿಲ್ಲ. ಟೆಸ್ಟಿನಲ್ಲಿ ತ್ರಿಶತಕ ಹೊಡೆದವರನ್ನು ಕರ್ನಾಟಕ ತಂಡ ಕೈಬಿಟ್ಟಿತು, ನಾವ್ಯಾರೂ ಬೀದಿಗಿಳಿಯಲಿಲ್ಲ. 2023ರಲ್ಲಿ ಅವರು ವಿದರ್ಭಕ್ಕೆ ಹೋದರು. 2025ರ ಜನವರಿಯಲ್ಲಿ ವಿಜಯ್ ಹಜಾರೆ ಫೈನಲ್, ವಡೋದರಾದಲ್ಲಿ, ವಿದರ್ಭಕ್ಕೂ ಕರ್ನಾಟಕಕ್ಕೂ. ಫೈನಲ್ಲಿಗೆ ಬರುವ ಹೊತ್ತಿಗೆ ಅವರು 752 ರನ್ ಹೊಡೆದು ಔಟಾಗಿದ್ದದ್ದು ಒಂದೇ ಸಲ. ಅಂದರೆ ಸರಾಸರಿಯೂ 752. ಅವತ್ತು ಪ್ರಸಿದ್ಧ್ ಕೃಷ್ಣ 27ಕ್ಕೆ ಬೌಲ್ಡ್ ಮಾಡಿದರು, ಕರ್ನಾಟಕ 36 ರನ್ನಿನಿಂದ ಗೆದ್ದಿತು. ನಾನು ಎದ್ದು ಚಪ್ಪಾಳೆ ತಟ್ಟಿದೆ, ಹಾಗೇ ಕೂತು ಛೆ ಎಂದೆ. ಎರಡೂ ಒಂದೇ ಚೆಂಡಿಗೆ. ವಿದರ್ಭಕ್ಕೆ ರಣಜಿ ಗೆಲ್ಲಿಸಿಕೊಟ್ಟ ಮೇಲೆ ಅವರಿಗೆ ಕರ್ನಾಟಕದ ಬಾಗಿಲು ಮತ್ತೆ ತೆರೆಯಿತು. ಅಕ್ಟೋಬರಿನಲ್ಲಿ ಶಿವಮೊಗ್ಗದಲ್ಲಿ ಗೋವಾ ವಿರುದ್ಧ ಅಜೇಯ 174.

ಅದೇ ವಾರ ಭಾಮೈದ ಸ್ವೀಟ್ ಬಾಕ್ಸ್ ಹಿಡಿದು ಬಂದ. ಬಿಟ್ಟುಹೋಗಿದ್ದ ಹಳೆಯ ಕಂಪನಿಯೇ ವಾಪಸ್ ಕರೆದಿದೆಯಂತೆ, ಹೊಸ ಕಂಪನಿಯದಕ್ಕಿಂತಲೂ ಹೆಚ್ಚು ಸಂಬಳಕ್ಕೆ.

"ಅಲ್ಲಿ ನಿನ್ನ ಪಕ್ಕದ ಸೀಟಿನಲ್ಲಿ ಒಬ್ಬರಿದ್ದರಲ್ಲ, ಕಂಪನಿ ಶುರುವಾದಾಗಿನಿಂದ ಇದ್ದವರು? ಎಲ್ಲೂ ಹೋಗದೆ ಉಳಿದವರು. ಅವರಿಗೆಷ್ಟು ಹೈಕ್ ಕೊಟ್ಟರು?"

ಭಾಮೈದ ಮೈಸೂರುಪಾಕು ಬಾಯಿಗಿಟ್ಟುಕೊಂಡ. "ಅವರಿಗೆ ಲಾಯಲ್ಟಿ ಅವಾರ್ಡ್ ಬಂತು ಭಾವ. ಗೋಡೆ ಗಡಿಯಾರ."

"ನಡೀತಾ ಇದೆಯಾ?"

"ಸೆಲ್ ನಾವೇ ಹಾಕ್ಕೋಬೇಕು."