ಸ್ಕ್ರೂ ಅರ್ಧ ಸುತ್ತು ಎಡಕ್ಕೆ

2008ರಲ್ಲಿ ನಾನೊಂದು ಕಾರು ಕೊಂಡೆ. ಸೆಕೆಂಡ್ ಹ್ಯಾಂಡು, ಬಿಳಿ ಬಣ್ಣದ್ದು. ಬಿಳಿ ಎಂದು ಆರ್.ಸಿ. ಪುಸ್ತಕದಲ್ಲಿ ಬರೆದಿತ್ತು, ಆಗಿನ ಹೊಸಪೇಟೆಯಲ್ಲಿ ಯಾವ ಕಾರೂ ಮೂರು ದಿನಕ್ಕಿಂತ ಹೆಚ್ಚು ಬಿಳಿಯಾಗಿ ಉಳಿದದ್ದಿಲ್ಲ. ಸಂಡೂರಿನ ಗುಡ್ಡ ಲಾರಿ ಹತ್ತಿ ಊರು ದಾಟುವಾಗ ಬಾನೆಟ್ಟಿನ ಮೇಲೆ ಒಂದು ಪದರ ಕೆಂಪು ಬಿಟ್ಟು ಹೋಗುತ್ತಿತ್ತು. ಅದಿರಿನ ದಂಧೆಯಲ್ಲಿ ನನ್ನ ಪಾಲಿಗೆ ಬಂದದ್ದು ಅಷ್ಟೇ. ದಡ್ಡ ನಾನು, ಅದನ್ನೂ ದಿನಾ ನೀರು ಹಾಕಿ ತೊಳೆದುಬಿಡುತ್ತಿದ್ದೆ.

ದೀಪಾವಳಿಗೆ ಕಂಪ್ಲಿಯಿಂದ ಬಂದ ಮಾವ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಅಲಾರಂ ಹಾಕ್ಸೀರೇನ್ರಿ ಅಳಿಯಂದ್ರ?" ಅಂದರು. ಇಲ್ಲ ಅಂದೆ. ಡ್ಯಾಮಿನಿಂದ ನೀರು ಬಿಟ್ಟಾಗಲೆಲ್ಲ ತಮ್ಮೂರಿನ ಸೇತುವೆ ಮುಳುಗುವುದನ್ನು ನೋಡುತ್ತ ಬೆಳೆದವರು ಅವರು. ಮುನ್ನೆಚ್ಚರಿಕೆಯ ವಿಷಯದಲ್ಲಿ ಅವರ ಮಾತು ಮೀರುವಂತಿಲ್ಲ. ಮರುದಿನವೇ ಅಂಗಡಿಗೆ ಹೋದೆ.

ಅಂಗಡಿಯವನು ಮೂರು ಬಗೆ ತೋರಿಸಿದ. ಒಂದು, ಬರೀ ಕೂಗುವುದು. ಇನ್ನೊಂದು, ಕೂಗುವುದರ ಜೊತೆ ನಾಲ್ಕೂ ಬಾಗಿಲು ಲಾಕ್ ಮಾಡುವುದು. ಮೂರನೆಯದು ಕೂಗುವುದೇ ಇಲ್ಲ. ಸರಿಯಾದ ಕೀಲಿ ಬೀಳದಿದ್ದರೆ ಎಂಜಿನ್ ಚಾಲೂ ಆಗದಂತೆ ತಡೆಯುತ್ತದೆ. "ಕಳ್ಳ ಗಾಡಿ ಒಯ್ಯಬಾರ್ದು ಅಂದ್ರ ಇದ ಖರೆ ಮಾಲು ಸಾರ್. ಆದ್ರ ಯಾರೂ ತಗಳ್ಳಲ್ಲ." ಯಾಕೆ ಅಂತ ಕೇಳಿದೆ. "ಸದ್ದಿಲ್ಲಲ್ರಿ. ಹಾಕ್ಸೀರಿ ಅಂತ ಓಣ್ಯಾಗ ಹೆಂಗ ಗೊತ್ತಾಗಬೇಕು?" ನ್ಯಾಯವಾದ ಮಾತು. ನಾನು ಎರಡನೆಯದನ್ನು ಕೊಂಡೆ. ಅದಕ್ಕೆ ಆರು ಥರದ ಕೂಗು: ಒಮ್ಮೆ ಪೊಲೀಸ್ ಜೀಪು, ಒಮ್ಮೆ ಆಂಬುಲೆನ್ಸು, ಉಳಿದ ನಾಲ್ಕು ಯಾವ ಪ್ರಾಣಿಯದೋ. ವಾಹನಕ್ಕೆ ಹಲವು ಸ್ವರದ ಹಾರ್ನಾಗಲಿ, ಬೆಚ್ಚಿಬೀಳಿಸುವ ಸದ್ದಿನ ಯಾವುದೇ ಸಾಧನವಾಗಲಿ ಕೂಡದು ಎನ್ನುತ್ತದೆ 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 119ನೇ ನಿಯಮ. ಆ ದಿನಗಳಲ್ಲಿ ನಮ್ಮ ಜಿಲ್ಲೆಯಲ್ಲಿ ನಿಯಮದ ಮಾತೆತ್ತುವುದೇ ಅಪಶಕುನವಾಗಿತ್ತು ಬಿಡಿ.

ಮೆಕ್ಯಾನಿಕ್ ಸ್ಟೀರಿಂಗ್ ಕೆಳಗೆ ಅಂಗಾತ ಮಲಗಿ, ಕಂಪನಿಯ ವೈರನ್ನು ಹಲ್ಲಿನಿಂದ ಸುಲಿದು, ಹೊಸ ವೈರು ಹೊಸೆದು, ಕರಿ ಟೇಪು ಸುತ್ತಿದ. ಡ್ಯಾಷ್‌ಬೋರ್ಡ್ ಒಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಕರಿ ಡಬ್ಬಿಯೊಂದನ್ನು ಅಂಟಿಸಿದ. ಅದು ಸೆನ್ಸರ್. ಗಾಡಿ ಅಲುಗಿದರೆ ಅದಕ್ಕೆ ಮೊದಲು ತಿಳಿಯುತ್ತದೆ. ಅದರ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಸ್ಕ್ರೂ. ಬಲಕ್ಕೆ ತಿರುವಿದರೆ ಕಿವಿ ಚುರುಕು, ಎಡಕ್ಕೆ ತಿರುವಿದರೆ ಮಂದ. ಪೂರ್ತಿ ಬಲಕ್ಕೆ ಇಡು ಅಂದೆ.

ಅಂದು ರಾತ್ರಿ ಹನ್ನೊಂದಕ್ಕೆ ರಸ್ತೆಯಲ್ಲಿ ಮೊದಲ ಅದಿರು ಲಾರಿ ಬಂತು. ನೆಲ ನಡುಗಿತು, ಕಾರು ಕೂಗಿತು. ರಿಮೋಟ್ ಒತ್ತಿ ಸುಮ್ಮನಾಗಿಸಿದೆ. ಎರಡನೆಯ ಲಾರಿ, ಮತ್ತೆ ಕೂಗು. ಮೊದಲ ರಾತ್ರಿ ಓಣಿಯವರು ಬಡಿಗೆ ಹಿಡಿದು ಕಳ್ಳನನ್ನು ಹುಡುಕಿದರು. ಮೂರನೆಯ ರಾತ್ರಿ ಬಡಿಗೆ ಹಿಡಿದು ನನ್ನನ್ನು ಹುಡುಕಿದರು. ಎದುರು ಮನೆಯಾತ ಸಾಲ ಮಾಡಿ ಎರಡು ಲಾರಿ ಬಿಟ್ಟಿದ್ದ. ಆತ ಮಾತ್ರ ವಿನಯದಿಂದಲೇ ಹೇಳಿದ: "ಸಾರ್, ಗಾಡಿ ದುಡಿಯೋ ಹೊತ್ತಿನ್ಯಾಗ ಹಿಂಗ ಕೂಗಿಸಬ್ಯಾಡ್ರಿ. ಒಳ್ಳೇದಲ್ಲ."

ಹೊಸಪೇಟೆಯಿಂದ ಸಂಡೂರಿನ ತನಕ ಚೆಕ್‌ಪೋಸ್ಟುಗಳಿದ್ದವು, ತೂಕದ ಸೇತುವೆಗಳಿದ್ದವು, ಅರಣ್ಯದವರಿದ್ದರು, ಗಣಿ ಇಲಾಖೆಯವರಿದ್ದರು. ಲಾರಿ ಹೋದಾಗಲೆಲ್ಲ ತಪ್ಪದೆ ಕೂಗಿದ ಏಕೈಕ ಸಿಬ್ಬಂದಿ ನನ್ನ ಕಾರು. ನಾನು ಹೋದದ್ದೇ ತಪ್ಪು ಅಂಗಡಿಗೆ ಎಂದು ಆಮೇಲೆ ಗಣಿಗಾರಿಕೆಯ ಮೇಲಿನ ಲೋಕಾಯುಕ್ತ ವರದಿ ಬಂದಾಗ ತಿಳಿಯಿತು. ಆ ಕಾಲದ ಅತ್ಯುತ್ತಮ ಭದ್ರತಾ ವ್ಯವಸ್ಥೆಯ ಹೆಸರು 'ಜೀರೋ ರಿಸ್ಕ್'. ಕೊಡಬೇಕಾದವರಿಗೆ ಕೊಡಬೇಕಾದ್ದನ್ನು ಕೊಟ್ಟರೆ, ಪರ್ಮಿಟ್ ಇಲ್ಲದ ಲಾರಿಗೂ ಯಾವ ಗೇಟೂ ಅಡ್ಡ ಬರುವುದಿಲ್ಲ. ವೈರು ಸುಲಿಯಬೇಕಿಲ್ಲ, ಬ್ಯಾಟರಿ ಇಳಿಯುವುದಿಲ್ಲ. ನನ್ನದು ವಾರಕ್ಕೊಮ್ಮೆ ಇಳಿಯುತ್ತಿತ್ತು.

ಸದ್ದಿಗೇನು ಬರವಿರಲಿಲ್ಲ. ಆಂಧ್ರದ ಗಡಿಯಲ್ಲಿ ಸುಗ್ಗಲಮ್ಮನ ಗುಡಿಯನ್ನೇ 2006ರಲ್ಲಿ ಅದಿರಿಗಾಗಿ ಸಿಡಿಸಿ ಕೆಡವಿದರು; ಗಡಿಯ ಗುರುತುಗಳೂ ಅಳಿಸಿಹೋದವು. ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಸರ್ಕಾರವೇ ಜಪ್ತಿ ಮಾಡಿ ಕಾವಲಿಟ್ಟಿದ್ದ ಸುಮಾರು 5 ಲಕ್ಷ ಟನ್ ಅದಿರಿನಲ್ಲಿ ಬಹುಪಾಲು ಹಡಗು ಹತ್ತಿ ಹೋಯಿತು. ಲಾರಿಗೆ 16 ಟನ್ನಿನಂತೆ ಹಿಡಿದರೆ ಆ 5 ಲಕ್ಷ ಟನ್ 31 ಸಾವಿರ ಲಾರಿಯ ಮಾಲು. ಆದರೆ ಮೊನ್ನೆ ಹಂಪಿಯ ಗೆಜ್ಜಲ ಮಂಟಪದ ಹತ್ತಿರ ಕಾರು ನಿಲ್ಲಿಸಿದ್ದಾಗ ಕೋತಿಯೊಂದು ಮೇಲೆ ಕೂತದ್ದು ಮಾತ್ರ ಇಡೀ ಹಂಪಿಗೆ ತಕ್ಷಣ ತಿಳಿಯಿತು. ಅದೇ ಹಂಪಿಯಲ್ಲಿ ಹುಡುಗರು ಕಲ್ಲುಕಂಬ ಉರುಳಿಸಿದ್ದು ನಾಡಿಗೆ ಗೊತ್ತಾದದ್ದು 2019ರಲ್ಲಿ, ಅವರದೇ ವಿಡಿಯೊ ಮೊಬೈಲುಗಳಲ್ಲಿ ಹರಿದಾಡಿದ ಮೇಲೆ.

ಕೊನೆಗೆ ಓಣಿಯ ಕಾಟ ತಾಳದೆ ಮೆಕ್ಯಾನಿಕ್‌ನನ್ನು ಕರೆಸಿದೆ. ಆತ ಸ್ಕ್ರೂ ಅರ್ಧ ಸುತ್ತು ಎಡಕ್ಕೆ ತಿರುವಿ, ಬಾನೆಟ್ಟಿಗೆ ಮುಷ್ಟಿಯಿಂದ ಗುದ್ದಿದ. ಕೂಗಲಿಲ್ಲ. ಬಾಗಿಲಿಗೆ ಒದ್ದ. ಕೂಗಲಿಲ್ಲ. "ಈಗ ಅಡ್ಜಸ್ಟ್ ಆತು ನೋಡ್ರಿ" ಅಂದ. ಆ ಕೈಚಳಕ ಬೆಂಗಳೂರಿಗೂ ಗೊತ್ತಿತ್ತು. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಎಂಬ ಹೊಸ ಡಬ್ಬಿ ತಂದು, ಲೋಕಾಯುಕ್ತ ಪೊಲೀಸರ ಸ್ಕ್ರೂವನ್ನು ಎಡಕ್ಕೆ ತಿರುವಿಟ್ಟರು. 2022ರ ಆಗಸ್ಟಿನಲ್ಲಿ ಹೈಕೋರ್ಟು ಆ ಡಬ್ಬಿಯನ್ನೇ ಕಿತ್ತು ಹಾಕಬೇಕಾಯಿತು.

ಸದ್ದಿಲ್ಲದ ಮೂರನೆಯ ಮಾಲಿನ ಗುಣ ಗೊತ್ತಾದದ್ದು 2011ರಲ್ಲಿ. ಸಮಾಜ ಪರಿವರ್ತನ ಸಮುದಾಯದವರು ಅಕ್ರಮ ಗಣಿಗಾರಿಕೆಯ ವಿರುದ್ಧ 2009ರಲ್ಲೇ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದರು. 2011ರ ಜುಲೈ 27ಕ್ಕೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಎರಡನೆಯ ವರದಿ ಬಂತು: ಬೊಕ್ಕಸಕ್ಕೆ ನಷ್ಟ 16,085 ಕೋಟಿ ರೂಪಾಯಿ. ಎರಡೇ ದಿನಕ್ಕೆ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಎಂಜಿನ್ ಆಫ್. ತಿಂಗಳು ಕಳೆಯುವುದರೊಳಗೆ ಕಾರು ಆರ್.ಸಿ. ಪುಸ್ತಕದಲ್ಲಿದ್ದ ಬಣ್ಣಕ್ಕೆ ತಿರುಗಿತು. ಎದುರು ಮನೆಯಾತನ ಲಾರಿಗಳು ಟಯರ್ ಕೂತು ನಿಂತವು. ಬೇವಿನ ಎಲೆ ಉದುರಿ ಟ್ರಾಲಿ ತುಂಬಿತು. ನಾನು ಧೈರ್ಯ ಮಾಡಿ ಸ್ಕ್ರೂವನ್ನು ಮತ್ತೆ ಪೂರ್ತಿ ಬಲಕ್ಕೆ ತಿರುವಿಸಿದೆ.

2013ರ ಏಪ್ರಿಲ್ 18ರಂದು, ಅಕ್ರಮ ಕಡಿಮೆಯಿದ್ದ 'ಎ' ಮತ್ತು 'ಬಿ' ವರ್ಗದ ಗಣಿಗಳಿಗೆ ಕೋರ್ಟು ದಾರಿ ಬಿಟ್ಟಿತು. ಕೆಲವು ತಿಂಗಳಾದ ಮೇಲೆ ಒಂದು ರಾತ್ರಿ ನೆಲ ಮೆಲ್ಲಗೆ ನಡುಗಿತು. ಕಾರು ಆರೂ ಥರದಲ್ಲಿ ಕೂಗಿತು. ನಾನು ರಿಮೋಟ್ ಹುಡುಕುತ್ತ ಹೊರಗೆ ಓಡಿ ಬಂದರೆ, ಎದುರು ಮನೆಯಾತ ಬನಿಯನ್ನಿನಲ್ಲೇ ಗೇಟಿಗೆ ಬಂದು ನಿಂತು, ಸಂಡೂರು ರಸ್ತೆಯ ಕಡೆ ಕಿವಿಯಾನಿಸಿದ್ದ. ಹಿಂದೆ ಅವನ ಹೆಂಡತಿ, ಮಕ್ಕಳು. ನಾನು ಬಟನ್ ಒತ್ತಲು ಹೋದೆ.

"ಇರ್ಲಿ ಬಿಡ್ರಿ ಸಾರ್," ಅಂದ, ಮುಖ ಅರಳಿಸಿ. "ಒಂದೀಟು ಕೂಗ್ಲಿ."