ನೀ ಯಾರ ಪೈಕಿ, ತಮ್ಮಾ?

ನಮ್ಮ ಕರಜಗಿಯಲ್ಲಿ ಯಾವ ಯಂತ್ರ ಕೆಟ್ಟರೂ ಅದು ಒಬ್ಬನ ಖಾಸಗಿ ಸಂಗತಿಯಾಗಿ ಉಳಿಯುವುದಿಲ್ಲ. ಬೋರಿನ ಮೋಟಾರು ನಿಂತರೆ ಮೆಕ್ಯಾನಿಕ್ ಬರುವ ಮೊದಲೇ ಹತ್ತು ಮಂದಿ ಸುತ್ತ ಕೂತು ಕಾಯಿಲ್ ಸುಟ್ಟಿದೆ, ಕೇಬಲ್ ಹೋಗಿದೆ, ಇಲ್ಲವೇ ನೀರೇ ಹೋಗಿದೆ ಎಂದು ತೀರ್ಪು ಕೊಟ್ಟಿರುತ್ತಾರೆ. ಮೂರನೆಯದು ಖರೆಯಾಗುವುದೇ ಹೆಚ್ಚು. ಬರಕ್ಕೆ ಹೆಸರಾದ ಜತ್ತ ತಾಲೂಕು ನಮ್ಮದು. ಟ್ರ್ಯಾಕ್ಟರ್, ಟಿವಿ, ಮದುವೆ ಮನೆಯ ಲೌಡ್‌ಸ್ಪೀಕರ್ ಎಲ್ಲಕ್ಕೂ ಇದೇ ಪದ್ಧತಿ. ಊರಿಗೆ ಕಂಪ್ಯೂಟರು ಬಂದಾಗ ಅದಕ್ಕಾಗಿ ಯಾರೂ ಹೊಸ ಪದ್ಧತಿ ಮಾಡಲಿಲ್ಲ.

ಕರಜಗಿ ಎಂದರೆ ಹಾವೇರಿ ಕಡೆಯದಲ್ಲ, ಅಕ್ಕಲಕೋಟೆ ಕಡೆಯದೂ ಅಲ್ಲ. ತಾಲೂಕು ಜತ್ತ, ಜಿಲ್ಲಾ ಸಾಂಗ್ಲಿ, ರಾಜ್ಯ ಮಹಾರಾಷ್ಟ್ರ. ಇಲ್ಲಿ ಮಾತು ಕನ್ನಡ, ಕಾಗದಪತ್ರ ಮರಾಠಿ, ಕಂಪ್ಯೂಟರು ಇಂಗ್ಲಿಷ್. ಈಚೆಗೆ ಕಳ್ಳರೂ ಬರತೊಡಗಿದ್ದರಿಂದ ಹಿಂದಿಯೂ ಸೇರಿತು.

ಇಷ್ಟು ಭಾಷೆಗಳ ನಡುವೆ ದಾಟಿಸುವ ಹರಿಗೋಲು ನಮ್ಮೂರ ಬಸ್‌ಸ್ಟ್ಯಾಂಡಿನ ಝೆರಾಕ್ಸ್ ಅಂಗಡಿ. ಹೊಲದ ಪಹಣಿ, ಅಂದರೆ ಸಾತ್‌ಬಾರಾ ಉತಾರ ತೆಗೆಸಬೇಕೇ, ಬೆಳೆವಿಮೆ ತುಂಬಬೇಕೇ, ಮಗಳ ಸ್ಕಾಲರ್‌ಶಿಪ್ ಅರ್ಜಿ ಹಾಕಬೇಕೇ, ಎಲ್ಲರೂ ಅಲ್ಲಿಗೇ. ಅಂಗಡಿ ನಡೆಸುವ ಹುಡುಗ ನಮ್ಮ ಕನ್ನಡ ಶಾಲೆಯಲ್ಲಿ ನನ್ನ ಕೈಯಲ್ಲೇ ಕಲಿತವನು. ಮಗ್ಗಿಯಲ್ಲಿ ಹದಿನೇಳರ ಮುಂದೆ ಹೋಗಲಿಲ್ಲ. ಕೀಬೋರ್ಡಿನ ಮೇಲೆ ಮಾತ್ರ ಬೆರಳು ಓಡುವುದನ್ನು ನೋಡಿದರೆ ಕಲಿಸಿದವರು ಬೇರೆ ಯಾರೋ ಇರಬೇಕು ಅನ್ನಿಸುತ್ತದೆ.

ಬೆಳೆವಿಮೆಯ ಗದ್ದಲದ ಒಂದು ಮಧ್ಯಾಹ್ನ ಅವನ ಕಂಪ್ಯೂಟರು ಇದ್ದಕ್ಕಿದ್ದಂತೆ ಚೀರಿತು. ಪರದೆ ತುಂಬ ನೀಲಿ ಬಣ್ಣ, ನಡುವೆ ಕೆಂಪು ಚೌಕ, ಅದರೊಳಗೆ ಶೂನ್ಯ, ಎಕ್ಸ್, ಎಂಟು ಎಂದು ಶುರುವಾಗುವ ಉದ್ದನೆಯ ಯಾವುದೋ ಸಂಕೇತ. ಒಬ್ಬ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಒದರುತ್ತಿದ್ದಳು. ಕಂಪ್ಯೂಟರಿಗೆ ವೈರಸ್ ಹತ್ತಿದೆ, ಬ್ಯಾಂಕಿನ ವಿವರ ಸೋರುತ್ತಿದೆ, ಬಂದ್ ಮಾಡಬೇಡಿ, ಕೂಡಲೇ ಈ ನಂಬರಿಗೆ ಫೋನ್ ಮಾಡಿ, ಇಷ್ಟು ಸಾರಾಂಶ. ಇಲಿಯ ಬಾಣ ಕಾಣೆಯಾಗಿತ್ತು. ಮೂಲೆಯ ಗುಣಾಕಾರ ಚಿಹ್ನೆಯೂ ಇರಲಿಲ್ಲ.

ಅಂಗಡಿಯಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು, ಹೊರಗಿದ್ದವರು ಎರಡು ಹೆಜ್ಜೆ ಒಳಗೆ ಬಂದರು. "ಬಾಯಿ ಭಾಳ ತ್ರಾಸಿನ್ಯಾಗ ಅದಾಳ, ನೋಡ್ರಿ ಏನಾಗೇತಿ" ಎಂದು ಒಬ್ಬಳು ಮರುಗಿದಳು. "ಬಸ್ ಬಂತೇನ?" ಎಂದು ಕಿವಿ ಮಂದವಾದ ಮುತ್ಯಾ ಕೇಳಿದ.

ಆ ಚೀರಾಟದ ಒಳಗುಟ್ಟು ನನಗೆ ತಿಳಿದದ್ದು ಆಮೇಲೆ. ಅದು ವೈರಸ್ಸೇ ಅಲ್ಲ. ಒಂದು ವೆಬ್ ಪುಟ, ಪರದೆಯ ತುಂಬ ಹರಡಿಕೊಂಡು ಬಾಣವನ್ನು ಮುಚ್ಚಿಟ್ಟುಕೊಂಡು ಕೂತಿರುತ್ತದೆ, ಅಷ್ಟೆ. ಎಸ್ಕೇಪ್ ಗುಂಡಿಯನ್ನು ಒತ್ತಿ ಹಿಡಿದರೆ ಹಿಗ್ಗಿದ ಪುಟ ಕುಗ್ಗುತ್ತದೆ. ಜಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೂಡಿಸಿ ಒತ್ತಿ, ಬರುವ ಟಾಸ್ಕ್ ಮ್ಯಾನೇಜರ್ ಪಟ್ಟಿಯಲ್ಲಿ ಬ್ರೌಸರನ್ನು ಹಿಡಿದು ಮುಗಿಸಬಹುದು. ಅದೂ ಆಗದಿದ್ದರೆ ಪವರ್ ಗುಂಡಿ ಎಲ್ಲಿಗೂ ಹೋಗಿಲ್ಲ. ಮತ್ತೆ ತೆರೆದಾಗ 'ಹಿಂದಿನ ಪುಟಗಳನ್ನು ಮರಳಿ ತರಲೇ?' ಎಂದು ಬ್ರೌಸರು ಬಲು ವಿನಯದಿಂದ ಕೇಳುತ್ತದೆ. ಬೇಡ ಅನ್ನಬೇಕು, ಇಲ್ಲವಾದರೆ ಅದೇ ಬಾಯಿ ಮತ್ತೆ ಒದರುತ್ತಾಳೆ. ಇನ್ನು ಅಸಲಿ ನಕಲಿ ಗುರುತಿಸಲು ದೊಡ್ಡ ವಿದ್ಯೆಯೇನೂ ಬೇಡ. ತಮ್ಮ ಎಚ್ಚರಿಕೆಗಳಲ್ಲಿ ಎಂದೂ ಫೋನ್ ನಂಬರ್ ಇರುವುದಿಲ್ಲ ಎಂದು ಮೈಕ್ರೋಸಾಫ್ಟಿನವರೇ ಸಾರಿದ್ದಾರೆ. ನಿಜವಾಗಿ ಕೆಟ್ಟ ಕಂಪ್ಯೂಟರು ತೆಪ್ಪಗೆ ಸಾಯುತ್ತದೆ, ಯಾರಿಗಾದರೂ ಫೋನ್ ಮಾಡಿ ಎಂದು ಕಳಕಳಿ ತೋರಿಸುವುದಿಲ್ಲ.

ನಮ್ಮ ಹುಡುಗ ಫೋನ್ ಮಾಡಿದ.

ಆ ಕಡೆಯವನ ದನಿ ಕೇಳಿದರೆ ಹೆಣ್ಣು ಕೊಡಬೇಕು ಅನ್ನಿಸುವಷ್ಟು ಸಭ್ಯ. ತಾನು ಮೈಕ್ರೋಸಾಫ್ಟಿನ 'ವಿಂಡೋಸ್ ವಿಭಾಗ'ದವನು ಎಂದ. ವಿಂಡೋಸ್ ಗುಂಡಿ ಮತ್ತು ಆರ್ ಒತ್ತಿಸಿದ, ಏನೋ ಟೈಪ್ ಮಾಡಿಸಿದ. ಇವೆಂಟ್ ವ್ಯೂವರ್ ಎಂಬ ಉದ್ದನೆಯ ಖಾತೆವಹಿ ತೆರೆಯಿತು. ಅದರ ತುಂಬ ಕೆಂಪು ಗುಂಡುಗಳು, ಹಳದಿ ತ್ರಿಕೋನಗಳು. "ಎಷ್ಟಿವೆ ಎಣಿಸಿ ಸರ್" ಎಂದ. ಹುಡುಗ ಎಣಿಸುತ್ತ ಎಣಿಸುತ್ತ ಬೆವತ. ಕೆಂಪು ಒಂದೊಂದೂ ಒಂದೊಂದು ವೈರಸ್ಸಂತೆ.

ನಿನ್ನೆ ಅಂಗಡಿಯಿಂದ ತಂದ ಹೊಸ ಕಂಪ್ಯೂಟರಿನಲ್ಲೂ ಅಂಥ ಕೆಂಪು ಹಳದಿಗಳು ಇದ್ದೇ ಇರುತ್ತವೆ. ಪ್ರಿಂಟರ್ ತಡವಾಗಿ ಎದ್ದಿತು, ಗಡಿಯಾರ ಹೊಂದಲಿಲ್ಲ, ಯಾವುದೋ ಸೇವೆ ಒಮ್ಮೆ ಎಡವಿತು ಎಂಬಂಥ ಚಿಲ್ಲರೆ ನಮೂದುಗಳು. ನಮ್ಮ ಶಾಲೆಯ ಹಾಜರಿ ಪುಸ್ತಕ ತೋರಿಸಿ, ಗೈರುಹಾಜರಿಯ ಗುರುತುಗಳನ್ನೆಲ್ಲ ಎಣಿಸಿ, ಇಷ್ಟು ಮಕ್ಕಳು ಕಾಣೆಯಾಗಿದ್ದಾರೆ ಎಂದು ಪೊಲೀಸರನ್ನು ಕರೆದರೆ ಹೇಗೋ, ಇದೂ ಹಾಗೆ.

ಆಮೇಲೆ ಎನಿಡೆಸ್ಕ್ ಡೌನ್‌ಲೋಡ್ ಮಾಡಿಸಿದ. ಪಾಪ, ಅದರ ತಪ್ಪೇನಿಲ್ಲ. ದೂರದಿಂದ ಕಂಪ್ಯೂಟರು ನೋಡಿ ರಿಪೇರಿ ಮಾಡುವವರು ದಿನವೂ ಬಳಸುವ ಸಾಧನ ಅದು. ಪರದೆಯ ಮೇಲೆ ಬಂದ ಅಂಕಿಗಳನ್ನು ಹುಡುಗ ಓದಿ ಹೇಳಿದ, ಒಪ್ಪಿಗೆ ಒತ್ತಿದ. ಕಾಣೆಯಾಗಿದ್ದ ಬಾಣ ಮತ್ತೆ ಕಂಡಿತು, ಈ ಸಲ ತಾನಾಗಿಯೇ ಓಡಾಡುತ್ತ. "ಯವ್ವಾ, ಇಲಿ ತಾನ ಓಡಾಕತ್ತೈತಿ!" ಎಂದು ಹಿಂದೆ ನಿಂತವಳು ಸೆರಗು ಬಾಯಿಗೆ ಒತ್ತಿಕೊಂಡಳು.

ಐದು ವರ್ಷದ ಸುರಕ್ಷೆಗೆ 8,999 ರೂಪಾಯಿ ಎಂದ ಸಭ್ಯ. ಹುಡುಗ ಯುಪಿಐನಿಂದ ಕಳಿಸಿಯೂಬಿಟ್ಟ. ಆಗ ಬಂತು ನೋಡಿ ಆ ಧಂದೆಯ ಜೀವಾಳದ ಪ್ರಶ್ನೆ. "ಸರ್, ಆಪ್ ಅಕೇಲೇ ಹೈ ಕ್ಯಾ?"

ಕರಜಗಿಯ ಬಸ್‌ಸ್ಟ್ಯಾಂಡಿನಲ್ಲಿ, ಬೆಳೆವಿಮೆಯ ಕೊನೆ ದಿನಗಳಲ್ಲಿ, ಝೆರಾಕ್ಸ್ ಅಂಗಡಿಯವನಿಗೆ ಕೇಳುವ ಪ್ರಶ್ನೆಯೇ ಇದು?

ಮಂದಿ ಇದ್ದಾರೆ ಎಂದ ಹುಡುಗ. ಅವರನ್ನು ಹೊರಗೆ ಕಳಿಸಿ, ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ, ಇದು ಗುಪ್ತ ಪ್ರಕ್ರಿಯೆ ಎಂದ ಆತ. ಹುಡುಗ ತಿರುಗಿ, "ಸ್ವಲ್ಪ ಹೊರಗ ನಿಲ್ರಿ, ಕಂಪನಿ ಮಂದಿ ಹೇಳಾಕತ್ತಾರ" ಎಂದು ಬೇಡಿಕೊಂಡ. ಒಬ್ಬರೂ ಅಲುಗಲಿಲ್ಲ. "ಏನ್ ಹೇಳಾಕತ್ತಾರ? ನಾವೂ ಕೇಳ್ತೀವಲ್ಲ" ಎಂದು ಮುಂದೆ ಬಗ್ಗಿದರು. ಚಹಾದಂಗಡಿಯವನು ಕೆಟಲ್ ಸಮೇತ ಬಂದ. ಇಷ್ಟಾಗುವಷ್ಟರಲ್ಲಿ ಮುತ್ಯಾ ಹುಡುಗನ ಕೈಯಿಂದ ಫೋನ್ ಇಸಿದುಕೊಂಡಿದ್ದ.

"ಹಲೋ, ಯಾರಂವಾ? ನೀ ಯಾರ ಪೈಕಿ, ತಮ್ಮಾ?"

ಆ ಕಡೆ ಮೌನ. ಅವನ ಕೈಲಿದ್ದ ಸ್ಕ್ರಿಪ್ಟಿನಲ್ಲಿ ಈ ಪ್ರಶ್ನೆಗೆ ಉತ್ತರ ಬರೆದುಕೊಟ್ಟಿರಲಿಕ್ಕಿಲ್ಲ.

"ಸರ್, ಹಿಂದಿ?"

"ಹಿಂದಿಂದು ಬ್ಯಾಡ, ಮುಂದಿಂದ ಹೇಳು. ಯಾವೂರು? ಅಪ್ಪ ಏನ್ ಮಾಡ್ತಾನ? ಮಳಿ ಆಗೇತೇನ ನಿಮ್ಮ ಕಡೆ?"

ಮಳೆಯ ವಿಚಾರ ಹಾಗೇ ಉಳಿಯಿತು. ಬಾಣ ಅವಸರ ಅವಸರವಾಗಿ ಬ್ಯಾಂಕಿನ ಪುಟದ ಕಡೆ ಸರಿಯುತ್ತಿದ್ದಂತೆ ಕರೆಂಟು ಹೋಯಿತು. ಯುಪಿಎಸ್ ಇತ್ತು, ಅದರ ಬ್ಯಾಟರಿ ಎಂದೋ ಶಿವನ ಪಾದ ಸೇರಿತ್ತು. ಫ್ಯಾನು, ಪರದೆ, ಬಾಣ ಎಲ್ಲ ಒಟ್ಟಿಗೆ ನಿಂತವು. ಕರೆಂಟು ಹೋಗಿದ್ದಕ್ಕೆ ನಮ್ಮೂರ ಮಂದಿ ಸಂತೋಷಪಟ್ಟದ್ದನ್ನು ಮೊದಲು ನೋಡಿದ್ದು ಆಗಲೇ. ತಿಳಿದವರು ಹೇಳುವ ಪ್ರಥಮ ಚಿಕಿತ್ಸೆಯೂ ಅದೇ ಅಂತೆ: ಕಳ್ಳ ಒಳಗಿದ್ದಾನೆ ಅನ್ನಿಸಿದ ಗಳಿಗೆಯಲ್ಲೇ ನೆಟ್ ಕಿತ್ತುಹಾಕಬೇಕು, ಮಿಕ್ಕದ್ದು ಆಮೇಲೆ.

ಈ ಧಂದೆಯವರೇನು ಸಣ್ಣವರಲ್ಲ. ಮೈಕ್ರೋಸಾಫ್ಟ್, ಅಮೆಜಾನ್ ಕಂಪನಿಗಳೇ ದೂರು ಕೊಟ್ಟಿದ್ದವು ಎಂದು ಸಿಬಿಐ 2023ರ ಅಕ್ಟೋಬರಿನಲ್ಲಿ 'ಆಪರೇಷನ್ ಚಕ್ರ-2' ಹೆಸರಿನಲ್ಲಿ ದೇಶದ 76 ಕಡೆ ಹುಡುಕಾಟ ನಡೆಸಿತು. ಅದೇ ವರ್ಷ ಟೆಕ್ ಸಪೋರ್ಟ್ ಹೆಸರಿನ ಮೋಸದಲ್ಲಿ ತಮ್ಮಲ್ಲಿಗೆ ದೂರು ಕೊಟ್ಟವರು ಕಳೆದುಕೊಂಡದ್ದು ಸುಮಾರು 92 ಕೋಟಿ ಡಾಲರ್ ಎಂದು ಅಮೆರಿಕದ ಎಫ್‌ಬಿಐ ಲೆಕ್ಕ ಕೊಟ್ಟಿದೆ. 2025ರ ನವೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲೇ, ಅಮೆರಿಕದವರಿಗೆ ಬಲೆ ಬೀಸುತ್ತಿದ್ದ ಕಾಲ್ ಸೆಂಟರಿನ 33 ಮಂದಿಯನ್ನು ಪೊಲೀಸರು ಹಿಡಿದರು. ಅಮೆರಿಕದ ಅಜ್ಜ ಅಜ್ಜಿಯರು ದೊಡ್ಡ ದೊಡ್ಡ ಮನೆಗಳಲ್ಲಿ ಒಬ್ಬೊಬ್ಬರೇ ಇರುತ್ತಾರೆ ಎಂದು ಕೇಳಿದ್ದೇನೆ. ಕಳ್ಳರು ಅಷ್ಟು ದೂರ ಯಾಕೆ ಫೋನ್ ಹಚ್ಚುತ್ತಾರೆ ಎಂಬುದು ಆವತ್ತು ನನಗೆ ಹೊಳೆಯಿತು. ಡಾಲರಿನ ಆಸೆ ಒಂದು ಕಡೆ, 'ನೀ ಯಾರ ಪೈಕಿ' ಎಂದು ಕೇಳುವವರಿಲ್ಲ ಎಂಬುದು ಇನ್ನೊಂದು ಕಡೆ.

ಇನ್ನು ಉಪಚಾರ. ಕೆಟ್ಟ ಕಂಪ್ಯೂಟರನ್ನು ಮುಟ್ಟದೆ ಬೇರೆ ಫೋನಿನಿಂದ 1930ಕ್ಕೆ ಹಚ್ಚಿದೆವು. ಸೈಬರ್ ವಂಚನೆಗೆಂದೇ ಇರುವ ಸಹಾಯವಾಣಿ ಅದು. ಬೇಗ ತಿಳಿಸಿದಷ್ಟೂ ಹಣವನ್ನು ಯಾವುದಾದರೂ ಖಾತೆಯಲ್ಲಿ ತಡೆದು ನಿಲ್ಲಿಸುವ ಆಸೆ ಹೆಚ್ಚು. ತಡವಾದರೆ ಅದು ಖಾತೆಯಿಂದ ಖಾತೆಗೆ ಜಿಗಿದು ಕೊನೆಗೆ ಯಾವುದೋ ಊರಿನ ಎಟಿಎಂನಲ್ಲಿ ನೋಟಾಗಿ ಹೊರಗೆ ಬಿದ್ದಿರುತ್ತದೆ. ಆಮೇಲೆ ಬ್ಯಾಂಕು. ಇದನ್ನು ನಾಳೆಗೆ ದೂಡುವಂತಿಲ್ಲ. ಗ್ರಾಹಕನೇ ಗುಟ್ಟಿನ ವಿವರ ಕೊಟ್ಟು ಕೈ ಸುಟ್ಟುಕೊಂಡರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ಮೇಲಿನದು ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕು 2017ರ ಜುಲೈನಲ್ಲೇ ಸುತ್ತೋಲೆ ಹೊರಡಿಸಿದೆ. ಹುಡುಗ ನಾಚಿಕೆಯಿಂದ, "ಯಾರಿಗೂ ಹೇಳೂದು ಬ್ಯಾಡ್ರಿ ಸರ್ರ" ಎನ್ನುತ್ತಿದ್ದ. ಹೇಳಲು ಯಾರು ಉಳಿದಿದ್ದರು?

ಸರಕಾರದ ಪೋರ್ಟಲಿನಲ್ಲಿ ದೂರು ತುಂಬುವಾಗ ಒಂದು ತೊಡಕು ಬಂತು. ರಾಜ್ಯ ಯಾವುದು ಎಂದು ಪಟ್ಟಿಯಿಂದ ಆರಿಸಬೇಕಿತ್ತು. ಹುಡುಗ ಮಹಾರಾಷ್ಟ್ರ ಎಂದು ಒತ್ತಲು ಹೋದ. "ಏನ್ ಅವಸರ ಐತೋ ನಿನಗ?" ಎಂದು ಹಿಂದಿನಿಂದ ಹಿರಿಯರೊಬ್ಬರು ತಡೆದರು. 1956ರಲ್ಲಿ ಹುಟ್ಟಿದ ಕರ್ನಾಟಕ-ಮಹಾರಾಷ್ಟ್ರ ಗಡಿಯ ಪ್ರಶ್ನೆ, ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟರೂ ಬಗೆಹರಿಯದ್ದು, 2004ರಿಂದ ಸುಪ್ರೀಂ ಕೋರ್ಟಿನಲ್ಲಿರುವುದು. 2022ರ ಕೊನೆಗೆ ಬೆಂಗಳೂರಿನಿಂದ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರು ಜತ್ತದ ಹೆಸರು ಎತ್ತಿದಾಗ ಎರಡೂ ಕಡೆ ಬಸ್ಸಿಗೆ ಮಸಿ ಬಿದ್ದಿತ್ತು. ಅಂಥದ್ದನ್ನು ಈ ಹುಡುಗ ಒಂದು ಒತ್ತಿನಲ್ಲಿ ತೀರಿಸಹೊರಟಿದ್ದ! ಪೋರ್ಟಲಿನ ಸಮಯ ಮುಗಿದು ಪುಟ ತಾನೇ ಮುಚ್ಚಿಕೊಂಡಿತು. ಎರಡನೇ ಸಲ ಹಿರಿಯರನ್ನು ಚಹಾಕ್ಕೆ ಕಳಿಸಿ, ಸಾಂಗ್ಲಿ ಜಿಲ್ಲೆ ಎಂದು ತುಂಬಿ ಮುಗಿಸಿದೆವು.

ಕಂಪ್ಯೂಟರನ್ನು ವಿಜಯಪುರಕ್ಕೆ ಒಯ್ದು ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಿಸಿದ್ದಾಯಿತು. ಎನಿಡೆಸ್ಕ್ ಒಂದನ್ನು ತೆಗೆದರೆ ಸಾಲದು. ಒಳಗೆ ಬಂದವನು ಮತ್ತೇನು ಬಿಟ್ಟುಹೋಗಿದ್ದಾನೋ ಹೇಳಲಾಗುವುದಿಲ್ಲ. ಪಾಸ್‌ವರ್ಡುಗಳನ್ನೆಲ್ಲ ಬೇರೆ ಫೋನಿನಿಂದ ಬದಲಿಸಿದ. ಅಳಿಸುವ ಮುಂಚೆ ಆ ಚೀರಾಟದ ಪುಟ ಎಲ್ಲಿಂದ ಬಂತು ಎಂದು ರಿಪೇರಿಯವರು ಹಿಸ್ಟರಿ ತೆಗೆದು ನೋಡಿದರು. ಸಾತ್‌ಬಾರಾ ಹುಡುಕುವಾಗ ಬಂತು ಎಂದು ಹುಡುಗ ಆಣೆ ಮಾಡಿ ಹೇಳಿದ್ದ. ಹಿಸ್ಟರಿಯಲ್ಲಿ ಸಾತ್‌ಬಾರಾ ಇರಲಿಲ್ಲ. ಆ ವಾರ ಥಿಯೇಟರಿಗೆ ಬಂದಿದ್ದ ಸಿನಿಮಾವನ್ನು ಪುಕ್ಕಟೆ ಕೊಡುತ್ತೇವೆ ಎಂಬ ಪುಟವೊಂದಿತ್ತು. ಕೊನೆ ಬೆಂಚಿನ ಹುಡುಗರ ಮುಖ ನನಗೆ ಗೊತ್ತು, ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ.

ಹಣದಲ್ಲಿ ಒಂದು ಪಾಲು ಎಲ್ಲೋ ತಡೆದು ನಿಂತಿದೆಯಂತೆ. ನಿಂತದ್ದು ಕೈಗೆ ಬರಲು ಕಾಗದ, ಅಲೆದಾಟ ಬಾಕಿ. ಅಷ್ಟರಲ್ಲಿ ಇನ್ನೊಬ್ಬ ಸಭ್ಯನ ಫೋನು ಬಂತು. ನಿಮ್ಮ ಕಳೆದ ಹಣ ನಮ್ಮ ಹತ್ತಿರ ಸಿಕ್ಕಿದೆ, ಬಿಡುಗಡೆಗೆ 2,000 ರೂಪಾಯಿ ಶುಲ್ಕ ಕಟ್ಟಿ ಎಂದ. ಒಮ್ಮೆ ಬಿದ್ದವರ ನಂಬರುಗಳನ್ನು ಕಳ್ಳರು ತಮ್ಮತಮ್ಮಲ್ಲೇ ಮಾರಿಕೊಳ್ಳುತ್ತಾರಂತೆ. ಹುಡುಗ ಈ ಸಲ ಮಾತಾಡಲಿಲ್ಲ. ಸ್ಪೀಕರ್ ಹಚ್ಚಿ ಫೋನನ್ನು ಮುತ್ಯಾನ ಮುಂದಿಟ್ಟು ಝೆರಾಕ್ಸ್ ಮಾಡಲು ಹೋದ. ಮುತ್ಯಾ ಮಳೆಯಿಂದ ಶುರುಮಾಡಿ ದಾಳಿಂಬೆ ರೇಟು, ತನ್ನ ಮೊಣಕಾಲು, ಗುಡ್ಡಾಪುರ ದಾನಮ್ಮನ ಜಾತ್ರೆವರೆಗೆ ಬಂದಾಗ ಆ ಕಡೆಯವನೇ ಕಟ್ ಮಾಡಿದ. "ಪಾಪ, ಶಾಣ್ಯಾ ಹುಡುಗ, ಪೂರಾ ಕೇಳಲೇ ಇಲ್ಲ" ಎಂದು ಮುತ್ಯಾನಿಗೆ ಬೇಜಾರು.

ಈಗ ಅಂಗಡಿಯ ಗೋಡೆಯ ಮೇಲೆ, ಗಿರಾಕಿಗಳಿಗೂ ಇರಲಿ ಎಂದು, ಕೆಂಪು ಬಣ್ಣದಲ್ಲಿ ಮೊಳದುದ್ದ 1930 ಎಂದು ಬರೆಸಿದ್ದಾನೆ. ಮೊನ್ನೆ ವಿಜಯಪುರದಿಂದ ಕಾಗದದ ರಿಮ್ಮು ಹಾಕಲು ಬಂದ ಹೊಸ ಸೇಲ್ಸ್‌ಮನ್ ಅದನ್ನು ನೋಡಿ ಬೆರಗಾಗಿ, "ಭಾರಿ ಹಳೇ ಅಂಗಡಿ ಐತಲ್ರಿ, 1930ರಾಗ ಚಾಲೂ ಆಗಿದ್ದೇನು?" ಎಂದು ಕೇಳಿದ.

ಹುಡುಗ ಬಾಯಿ ತೆರೆಯುವ ಮೊದಲೇ ಮುತ್ಯಾ ಹೇಳಿದ: "ಹೌದ್ರಿ. ಆಗ ಝೆರಾಕ್ಸ್ ಎಲ್ಲಾ ಕೈಲೇ ಬರೀತಿದ್ರು."