ಮನೆಯನ್ನು ವಾಚಾಳಿಯಾಗಿಸುವ ಕ್ರಮ

ಸ್ಮಾರ್ಟ್ ಹೋಮ್‌ಗೆಂದು ಅಷ್ಟು ದುಡ್ಡು ಸುರಿದ ಮೇಲೆ ಮನೆ ತೆಪ್ಪಗೆ ಬಿದ್ದಿರಬಾರದು. ಫೋನು ದಿನವಿಡೀ ಟಿಂಗ್ ಅನ್ನುತ್ತಿದ್ದರೇ ಕೊಟ್ಟ ಕಾಸಿಗೆ ಮೋಸವಿಲ್ಲ. ಆದ್ದರಿಂದ ಆಪ್ ಹಾಕಿಕೊಂಡ ಕೂಡಲೇ ಅದು ಕೇಳಿದ್ದಕ್ಕೆಲ್ಲ 'ಅಲೌ' ಒತ್ತಿ. ಓದುತ್ತಾ ಕೂರಬೇಡಿ.

ಮೋಷನ್ ಸೆನ್ಸರ್‌ನಿಂದ ಶುರು ಮಾಡಿ. ಅದಕ್ಕೆ ಕಳ್ಳ ಯಾರು, ಮನೆಯವರು ಯಾರು ಎಂಬುದು ತಿಳಿಯದು. ಕಣ್ಣೆದುರು ಶಾಖ ಆಚೀಚೆ ಆದರೆ ಸಾಕು, ಕೂಗುತ್ತದೆ. ಈ ಗುಣವನ್ನು ಪೂರ್ತಿ ಬಳಸಿಕೊಳ್ಳಿ. ಪಶ್ಚಿಮದ ಕಿಟಕಿಗೆ ಎದುರಾಗಿ ಕೂರಿಸಿ, ಸಂಜೆ ಬಿಸಿಲು, ಅಲ್ಲಾಡುವ ಪರದೆ ಎರಡೂ ಅದರ ಪಾಲಿಗೆ ಬರಲಿ. ಸೆನ್ಸಿಟಿವಿಟಿಯನ್ನು ಕೊನೆಯ ತುದಿಗೆ ಎಳೆಯಿರಿ. ಮನೆಯಲ್ಲಿ ಬೆಕ್ಕಿದ್ದರೆ ಅದೃಷ್ಟವಂತರು.

ಮುಂಬಾಗಿಲ ಕ್ಯಾಮೆರಾವನ್ನು ಗೇಟಿನ ಒಳಗಷ್ಟೇ ನೋಡುವಂತೆ ಕಟ್ಟಿಹಾಕಬೇಡಿ. ಬೀದಿ ಪೂರ್ತಿ ಕಾಣಲಿ. ಹಾಲಿನವನು, ಕಸದ ಆಟೊ, ಎದುರುಮನೆಯವರ ಸ್ಕೂಟರು, ಅದರ ಸೀಟಿನ ಮೇಲೆ ಮಲಗುವ ನಾಯಿ, ಎಲ್ಲರ ಹಾಜರಿಯೂ ನಿಮಗೆ ಬೇಕು. ಮನುಷ್ಯರು ಕಂಡರೆ ಮಾತ್ರ ತಿಳಿಸು ಎಂಬ ಆಯ್ಕೆಯನ್ನು ಆಫ್ ಮಾಡಿ, ಅದು ಪಕ್ಷಪಾತ. ಇನ್ನು ಜೇಡ. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಕ್ಕೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ. ಬಲೆಯನ್ನು ದಯವಿಟ್ಟು ಒರೆಸಬೇಡಿ. ಮಸೂರಕ್ಕೆ ಅಂಟಿದಂತೆ ಕೂತ ಜೇಡ ಆ ಬೆಳಕಿನಲ್ಲಿ ಬೆಳ್ಳಗೆ, ಗೇಟಿಗಿಂತ ದೊಡ್ಡದಾಗಿ ಕಾಣುತ್ತದೆ. ಅದು ಒಂದು ಕಾಲೆತ್ತಿದರೂ ನಿಮಗೊಂದು ವಿಡಿಯೊ.

ನೀರಿನ ಟ್ಯಾಂಕಿಗೆ ಹೆಚ್ಚಿನ ಶ್ರದ್ಧೆ ಬೇಕು. ಶೇ 30ಕ್ಕಿಂತ ಇಳಿದರೆ 'ನೀರು ಕಡಿಮೆ' ಅಂತಲೂ, 30 ದಾಟಿದರೆ 'ಈಗ ಸರಿಯಾಯಿತು' ಅಂತಲೂ ಸಂದೇಶ ಬರಲಿ. ಎರಡಕ್ಕೂ ಅದೇ 30 ಇಡುವುದರಲ್ಲೇ ಇರುವುದು ಕೈಚಳಕ. ಮೋಟಾರು ಹಾಕಿದಾಗ ನೀರು ತುಳುಕಿ 29, 31, 29, 31 ಎಂದು ಹೊಯ್ದಾಡುತ್ತದೆ, ಪ್ರತಿ ತುಳುಕಿಗೂ ಒಂದು ಟಿಂಗ್. 30ಕ್ಕೆ ಎಚ್ಚರಿಸಿ 45ಕ್ಕೆ ಏರುವ ತನಕ ಬಾಯಿ ಮುಚ್ಚಿಕೊಂಡಿರು ಎಂದು ನಡುವೆ ಅಂತರ ಬಿಡುವವರಿದ್ದಾರೆ. ಅವರ ಮನೆಯಲ್ಲಿ ಸಂದೇಶ ಒಂದೇ ಸಲ ಬರುತ್ತದೆ, ಪಾಪ. 'ಬಾಗಿಲು ಹತ್ತು ನಿಮಿಷ ತೆರೆದೇ ಇದ್ದರೆ ಮಾತ್ರ ಹೇಳು' ಎನ್ನುವವರೂ ಇದೇ ಪಂಗಡ. ನೀವು ಬಾಗಿಲು ತೆರೆದಾಗಲೂ ಕೇಳಿ, ಮುಚ್ಚಿದಾಗಲೂ ಕೇಳಿ, ತೆರೆದವರು ನೀವೇ ಆಗಿದ್ದರೂ ಕೇಳಿ.

ರೌಟರನ್ನು ಯುಪಿಎಸ್‌ಗೆ ಸೇರಿಸಬೇಡಿ. ಕರೆಂಟ್ ಹೋಗಿ ಬಂದಾಗ ಪ್ರತಿಯೊಂದು ಉಪಕರಣವೂ ತಾನು ಸತ್ತದ್ದನ್ನೂ ಹುಟ್ಟಿದ್ದನ್ನೂ ಬೇರೆಬೇರೆಯಾಗಿ ವರದಿ ಮಾಡಬೇಕು. ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶ ಬಳಸುವವರಾದರೆ ನಿಯಮ ಬರೆಯುವಾಗ ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ಎಂಬ ಎರಡೂ ಜಾಗವನ್ನು ಖಾಲಿ ಬಿಡಿ. ಆಗ ಬಲ್ಬಿನ ಬೆಳಕು ಚೂರು ಏರುಪೇರಾದರೂ ನಿಯಮ ಓಡುತ್ತದೆ. ಕರೆಂಟ್ ಬಂದೊಡನೆ ಪೂರ್ತಿ ಬೆಳಕಿನಲ್ಲಿ ಹೊತ್ತಿಕೊಳ್ಳುವ ಸ್ಮಾರ್ಟ್ ಬಲ್ಬುಗಳು ಬಹಳ ಸಿಗುತ್ತವೆ. ಅಂಥದ್ದೊಂದನ್ನು ಅತ್ತೆಯವರ ಕೋಣೆಗೆ ಹಾಕಿ. ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದ ಸಂದೇಶ ಫೋನಿನಲ್ಲೂ ಬರುತ್ತದೆ, ಅತ್ತೆಯವರ ಬಾಯಿಂದಲೂ ಬರುತ್ತದೆ.

ಇಷ್ಟನ್ನೂ ಒಬ್ಬರೇ ಅನುಭವಿಸುವುದು ಸ್ವಾರ್ಥ. ಎಲ್ಲವನ್ನೂ ಮನೆಮಂದಿಯ ವಾಟ್ಸ್ಆಪ್ ಗುಂಪಿಗೆ ತಿರುಗಿಸಿ. ಶಿವಮೊಗ್ಗದ ಚಿಕ್ಕಪ್ಪನಿಗೆ ನಿಮ್ಮ ವಾಷಿಂಗ್ ಮಷೀನಿನ ಸುದ್ದಿ ಬೇರೆ ಹೇಗೆ ತಿಳಿಯಬೇಕು?

ಕೊನೆಗೆ ಸದ್ದು. ಆಂಡ್ರಾಯ್ಡ್ 2017ರಿಂದಲೇ ಒಂದೊಂದು ಬಗೆಯ ಸಂದೇಶಕ್ಕೂ ಒಂದೊಂದು ಚಾನೆಲ್ ಇಟ್ಟು, ಬೇರೆಬೇರೆ ಸದ್ದು ಕೊಡಲು ಬಿಟ್ಟಿದೆ. ಆ ಗೋಜಿಗೆ ಹೋಗಬೇಡಿ. ಗ್ಯಾಸ್ ಸೋರಿಕೆಯ ಸೆನ್ಸರಿಗೂ ಬೆಕ್ಕಿಗೂ ಅದೇ ಟಿಂಗ್ ಇರಲಿ; ಗ್ಯಾಸಿಗೆ ದೊಡ್ಡಸ್ತಿಕೆ ಕೊಟ್ಟು ತಲೆ ಮೇಲೆ ಕೂರಿಸಿಕೊಳ್ಳಬೇಡಿ. ಇದಕ್ಕೆ ಒಳ್ಳೆಯ ಪೂರ್ವಿಕರಿದ್ದಾರೆ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಅಪಘಾತ ಶುರುವಾದ ಮೊದಲ ಕೆಲವೇ ನಿಮಿಷಗಳಲ್ಲಿ 100ಕ್ಕೂ ಹೆಚ್ಚು ಅಲಾರಂ ಒಟ್ಟಿಗೆ ಹೊಡೆದುಕೊಂಡವು. ಯಾವುದು ಮುಖ್ಯ ಎಂದು ಆಪರೇಟರುಗಳಿಗೆ ಗೊತ್ತಾಗಲಿಲ್ಲ. ಅವರಿಗೆ ಅದಕ್ಕೊಂದು ರಿಯಾಕ್ಟರೇ ಬೇಕಾಯಿತು. ನಿಮಗೆ ಎರಡು ಬೆಡ್‌ರೂಮಿನ ಫ್ಲ್ಯಾಟ್ ಸಾಕು.

ನಿದ್ದೆ ಬಾರದಿದ್ದರೆ ಫೋನನ್ನು ಸೈಲೆಂಟಿಗೆ ಹಾಕಿ ಮಲಗಿ. ಬೆಳಿಗ್ಗೆ ಎದ್ದು ಯಾವುದನ್ನೂ ತೆರೆಯದೆ 'ಕ್ಲಿಯರ್ ಆಲ್' ಒತ್ತಿ. ರಾತ್ರಿ ನಿಜಕ್ಕೂ ಕಳ್ಳ ಬಂದಿದ್ದರೆ ಗಾಬರಿಯಾಗಬೇಡಿ, ಅವನ ವಿಡಿಯೊ ಜೇಡದ ವಿಡಿಯೊಗಳ ನಡುವೆ ಭದ್ರವಾಗಿ ಇರುತ್ತದೆ. ಪೊಲೀಸರನ್ನು ಕೂರಿಸಿ, ಕಾಫಿ ಕೊಟ್ಟು, ಒಂದೊಂದಾಗಿ ತೋರಿಸುತ್ತಾ ಹೋಗಿ. ಕ್ಲೌಡ್ ಚಂದಾ ಮುಗಿದಿದ್ದರೆ ಕಾಫಿ ಮಾತ್ರ ಕೊಡಿ.